ವಿಶ್ವಕಪ್ಪಿನ ಬಾಗಿಲು ಎಷ್ಟು ಅಗಲವಿರಬೇಕು?

ಕ್ರಿಕೆಟ್ಟಿನ ಮಾತು ಬಂದಿತೆಂದರೆ ನಮ್ಮಲ್ಲಿ ಸುಮ್ಮನಿರುವವರು ವಿರಳ. ಹಾಸ್ಟೆಲಿನ ಊಟದ ಮನೆಯಲ್ಲಾಗಲಿ, ಬಸ್ ನಿಲ್ದಾಣದಲ್ಲಾಗಲಿ, ಯಾವ ವರ್ಷ ಯಾರು ಗೆದ್ದರು, ಯಾರು ಎಷ್ಟು ರನ್ನು ಹೊಡೆದರು ಎಂಬುದನ್ನು ಪಂಚಾಂಗ ಓದಿದಂತೆ ಒಪ್ಪಿಸುವವರು ಬೇಕಾದಷ್ಟು ಮಂದಿ ಇದ್ದಾರೆ. ಆದರೆ ಆ ಪಂದ್ಯಾವಳಿಗಳಿಗೆ ಯಾರನ್ನು ಕರೆದರು, ಯಾರನ್ನು ಹೊರಗೆ ನಿಲ್ಲಿಸಿದರು, ಏಕೆ ನಿಲ್ಲಿಸಿದರು ಎಂದು ವಿಚಾರಿಸುವವರು ಕಡಮೆ. ಅಂತಾರಾಷ್ಟ್ರೀಯ ಕ್ರಿಕೆಟ್ ಪಂದ್ಯಾವಳಿಗಳ ಚರಿತ್ರೆಯನ್ನು ಓದಿದಾಗ ನನಗೆ ಎಲ್ಲಕ್ಕಿಂತ ಮುಖ್ಯವೆಂದು ತೋರಿದುದು ಈ ಪ್ರಶ್ನೆಯೇ. ವಿಶ್ವಕಪ್ ಎಂಬ ಹೆಸರಿಗೆ ಅರ್ಥವಿರಬೇಕಾದರೆ ಅದರ ಬಾಗಿಲು ಅಗಲವಾಗಿರಬೇಕು; ಹತ್ತೇ ತಂಡಗಳನ್ನು ಕೂಡಿಸಿ ಅದನ್ನು ವಿಶ್ವಕಪ್ ಎನ್ನುವುದು ಸರಿಯಲ್ಲ ಎಂಬುದು ನನ್ನ ಅಭಿಪ್ರಾಯ. ಇದನ್ನು ಚರಿತ್ರೆಯ ಆಧಾರದಿಂದಲೇ ಸಮರ್ಥಿಸಲು ಪ್ರಯತ್ನಿಸುತ್ತೇನೆ.

ಎರಡು ದೇಶಗಳ ನಡುವೆ ನಡೆದ ಮೊತ್ತಮೊದಲ ಕ್ರಿಕೆಟ್ ಪಂದ್ಯ ಯಾವುದು? ಇಂಗ್ಲೆಂಡ್ ಮತ್ತು ಆಸ್ಟ್ರೇಲಿಯಗಳ ನಡುವಿನದೆಂದೇ ನಮ್ಮಲ್ಲಿ ಹಲವರು ಉತ್ತರ ಕೊಟ್ಟಾರು. ಆದರೆ ಮೆಲ್ಬೋರ್ನ್ ನಗರದಲ್ಲಿ ಮೊದಲ ಟೆಸ್ಟ್ ಪಂದ್ಯ ನಡೆದುದು 1877ರಲ್ಲಿ. ಅದಕ್ಕೆ 32 ವರ್ಷಗಳಿಗೂ ಹಿಂದೆ, 1844ರಲ್ಲಿಯೇ, ನ್ಯೂಯಾರ್ಕಿನಲ್ಲಿ ಅಮೆರಿಕ ಮತ್ತು ಕೆನಡ ತಂಡಗಳು ಸೆಣಸಿದ್ದವು. ಕೆನಡ 23 ರನ್ನುಗಳಿಂದ ಗೆದ್ದಿತ್ತು. ಆ ಕಾಲದ ಅಮೆರಿಕನ್ನರು ಈ ಆಟದಲ್ಲಿ ಕೈಲಾಗದವರೇನೂ ಅಲ್ಲ. ಫಿಲಡೆಲ್ಫಿಯದ ಬಾರ್ಟ್ ಕಿಂಗ್ ಎಂಬಾತ 1908ರಲ್ಲಿ ಇಂಗ್ಲೆಂಡಿಗೆ ಹೋಗಿ, ಅಲ್ಲಿಯ ಘಟಾನುಘಟಿಗಳನ್ನು ಹಿಂದೆ ಹಾಕಿ, ಆ ವರ್ಷದ ಬೌಲಿಂಗ್ ಸರಾಸರಿಯಲ್ಲಿ ಪ್ರಥಮ ಸ್ಥಾನ ಪಡೆದ. ಆದರೆ ಮರುವರ್ಷ, 1909ರಲ್ಲಿ, ಇಂಗ್ಲೆಂಡ್, ಆಸ್ಟ್ರೇಲಿಯ, ದಕ್ಷಿಣ ಆಫ್ರಿಕಗಳು ಕೂಡಿ ಇಂಪೀರಿಯಲ್ ಕ್ರಿಕೆಟ್ ಕಾನ್ಫರೆನ್ಸ್ ಎಂಬ ಸಂಸ್ಥೆಯನ್ನು ಕಟ್ಟಿದವು. ಹೆಸರೇ ಹೇಳುವಂತೆ ಅದು ಬ್ರಿಟಿಷ್ ಚಕ್ರಾಧಿಪತ್ಯದವರ ಕೂಟ. ಅಮೆರಿಕದವರಿಗೆ ಅಲ್ಲಿ ಮಣೆಯಿರಲಿಲ್ಲ. ಆ ದೇಶದಲ್ಲಿ ಕ್ರಿಕೆಟ್ ಕ್ಷೀಣಿಸಿದುದಕ್ಕೆ ಬೇಸ್‌ಬಾಲ್ ಮೊದಲಾದ ಬೇರೆ ಕಾರಣಗಳೂ ಉಂಟು, ನಿಜ. ಆದರೂ ಹಸಿದವನ ಎದುರಿಗೆ ಬಾಗಿಲು ಹಾಕಿಕೊಂಡು, ಆತನಿಗೆ ಊಟದ ರುಚಿಯೇ ತಿಳಿಯದು ಎಂದರೆ ನ್ಯಾಯವಾದೀತೆ?

ಆ ಮೂರು ಸ್ಥಾಪಕ ದೇಶಗಳೇ 1912ರಲ್ಲಿ ಇಂಗ್ಲೆಂಡಿನಲ್ಲಿ ತ್ರಿಕೋನ ಪಂದ್ಯಾವಳಿಯೊಂದನ್ನು ನಡೆಸಿದವು. ಟೆಸ್ಟ್ ಆಡುವ ಎಲ್ಲ ದೇಶಗಳೂ ಒಂದೆಡೆ ಕೂಡಿ ಆಡಿದ ಮೊದಲ ಪಂದ್ಯಾವಳಿ ಇದು. ಒಂಬತ್ತು ಟೆಸ್ಟ್ ಪಂದ್ಯಗಳು ನಡೆದವು. ಆ ಬೇಸಗೆಯಲ್ಲಿ ಮಳೆ ಎಡೆಬಿಡದೆ ಕಾಡಿತು. ವಿಕ್ಟರ್ ಟ್ರಂಪರ್ ಸೇರಿದಂತೆ ಆಸ್ಟ್ರೇಲಿಯದ ಆರು ಮಂದಿ ಪ್ರಮುಖ ಆಟಗಾರರು ತಮ್ಮ ಮಂಡಲಿಯೊಡನೆ ಜಗಳವಾಡಿಕೊಂಡು ಪ್ರವಾಸಕ್ಕೇ ಬರಲಿಲ್ಲ. ದಕ್ಷಿಣ ಆಫ್ರಿಕ ಒಂದು ಪಂದ್ಯವನ್ನೂ ಗೆಲ್ಲಲಿಲ್ಲ. ಆಸ್ಟ್ರೇಲಿಯದ ಜಿಮ್ಮಿ ಮ್ಯಾಥ್ಯೂಸ್ ಒಂದೇ ಪಂದ್ಯದಲ್ಲಿ, ಅದೂ ಒಂದೇ ದಿನ, ಎರಡು ಬಾರಿ ಹ್ಯಾಟ್ರಿಕ್ ಸಾಧಿಸಿದುದು ಬಿಟ್ಟರೆ ನೆನಪಿನಲ್ಲಿ ಉಳಿಯುವಂಥದು ಹೆಚ್ಚೇನೂ ಆಗಲಿಲ್ಲ. ಇಂಗ್ಲೆಂಡ್ ಗೆದ್ದಿತು, ಎರಡನೆಯ ಬಾರಿ ಅದನ್ನು ನಡೆಸುವ ಗೋಜಿಗೆ ಯಾರೂ ಹೋಗಲಿಲ್ಲ. ಇಂಡಿಯ, ವೆಸ್ಟ್ ಇಂಡೀಸ್ ಮತ್ತು ನ್ಯೂಜಿಲೆಂಡ್‌ಗಳಿಗೆ ಆ ಕೂಟದೊಳಗೆ ಪ್ರವೇಶ ಸಿಕ್ಕಿದುದು 1926ರಲ್ಲಿ. ‘ಇಂಪೀರಿಯಲ್’ ಎಂಬ ಹೆಸರು ಅಳಿದು ‘ಇಂಟರ್‌ನ್ಯಾಷನಲ್’ ಆದುದು 1965ರಲ್ಲಿ. ಅಂದಿನ ಸಿಲೋನ್, ಫಿಜಿ ಮತ್ತು ಅಮೆರಿಕಗಳು ಸಹಸದಸ್ಯರಾದುದೂ ಆ ವರ್ಷವೇ.

ಇನ್ನು ವಿಶ್ವಕಪ್ಪಿನ ವಿಚಾರ. ಮೊದಲ ವಿಶ್ವಕಪ್ 1975ರಲ್ಲಿ ನಡೆಯಿತೆಂದು ಸಾಮಾನ್ಯವಾಗಿ ಹೇಳುತ್ತಾರೆ. ಈ ಮಾತು ತಪ್ಪು. ಮೊದಲ ವಿಶ್ವಕಪ್ ನಡೆದುದು 1973ರಲ್ಲಿ, ಆಡಿದವರು ಮಹಿಳೆಯರು. ಇಂಗ್ಲೆಂಡಿನ ರೇಚಲ್ ಹೇಹೋ ಫ್ಲಿಂಟ್ ಮೊದಲಾದವರ ಯೋಜನೆಗೆ ಜ್ಯಾಕ್ ಹೇವರ್ಡ್ ಎಂಬ ಶ್ರೀಮಂತ ಹಣ ಒದಗಿಸಿದ. ಏಳು ತಂಡಗಳು ಸೇರಿದವು, ಇಂಗ್ಲೆಂಡ್ ಗೆದ್ದಿತು. ಗಂಡಸರಿಗಿಂತ ಎರಡು ವರ್ಷ ಮೊದಲೇ ವಿಶ್ವಕಪ್ ಆಡಿದ ಈ ಹೆಂಗಸರನ್ನು ಚರಿತ್ರೆಯ ಮುಂಬಾಗಿಲಿನಲ್ಲಿ ಕೂರಿಸದೆ ಹಿತ್ತಲಿನಲ್ಲಿ ಕೂರಿಸಿರುವುದು ನಮ್ಮೆಲ್ಲರ ವಿಚಾರಹೀನತೆಗೆ ಸಾಕ್ಷಿ. ಭಾರತದ ಮಹಿಳಾ ತಂಡ ತನ್ನ ಮೊದಲ ಟೆಸ್ಟ್ ಪಂದ್ಯವನ್ನು ವೆಸ್ಟ್ ಇಂಡೀಸಿನ ಎದುರು ಆಡಿದುದು 1976ರಲ್ಲಿ, ನಮ್ಮ ಬೆಂಗಳೂರಿನಲ್ಲಿಯೇ. ತಂಡದ ನಾಯಕಿ ನಮ್ಮವರೇ ಆದ ಶಾಂತಾ ರಂಗಸ್ವಾಮಿ. ಭಾರತ ಮೊದಲ ಬಾರಿಗೆ ಮಹಿಳಾ ವಿಶ್ವಕಪ್ ಆಡಿದುದು 1978ರಲ್ಲಿ, ಸ್ವದೇಶದಲ್ಲಿ. ಆಡಿದ ಮೂರು ಪಂದ್ಯಗಳಲ್ಲೂ ಸೋತಿತು. ಅಂದು ‘ಇವರಿಗೇಕೆ ವಿಶ್ವಕಪ್’ ಎಂದು ಮನೆಗೆ ಕಳುಹಿಸಿದ್ದರೆ ಏನಾಗುತ್ತಿತ್ತು? 2025ರ ನವೆಂಬರ್ 2ರಂದು ನವಿ ಮುಂಬಯಿಯಲ್ಲಿ ಹರ್ಮನ್‌ಪ್ರೀತ್ ಕೌರ್ ಅವರ ತಂಡ ದಕ್ಷಿಣ ಆಫ್ರಿಕವನ್ನು 52 ರನ್ನುಗಳಿಂದ ಸೋಲಿಸಿ ವಿಶ್ವಕಪ್ ಎತ್ತಿ ಹಿಡಿಯುವ ಸುದಿನ ಬರುತ್ತಿತ್ತೆ?

ಪುರುಷರ ಕಥೆಯೂ ಇದಕ್ಕಿಂತ ಭಿನ್ನವಲ್ಲ. 1975ರಲ್ಲಿ ಟೆಸ್ಟ್ ಆಡುವ ಆರು ದೇಶಗಳ ಜೊತೆಗೆ ಶ್ರೀಲಂಕ ಮತ್ತು ಪೂರ್ವ ಆಫ್ರಿಕ ತಂಡಗಳನ್ನು ಆಹ್ವಾನಿಸಿದರು. ವರ್ಣಭೇದ ನೀತಿಯ ದೆಸೆಯಿಂದ ದಕ್ಷಿಣ ಆಫ್ರಿಕ ಹೊರಗಿತ್ತು. ಹೊರಗಿಡುವುದಕ್ಕೆ ನ್ಯಾಯವಾದ ಕಾರಣ ಇದ್ದುದು ಅಲ್ಲಿ ಮಾತ್ರ ಎಂದು ನನ್ನ ಎಣಿಕೆ. ಆ ಪಂದ್ಯಾವಳಿಯ ಮೊದಲ ದಿನ ಇಂಗ್ಲೆಂಡ್ 60 ಓವರುಗಳಲ್ಲಿ 334 ರನ್ನು ಮಾಡಿತು. ಉತ್ತರವಾಗಿ ಭಾರತ ಗಳಿಸಿದುದು 132. ಗಾವಸ್ಕರ್ 174 ಚೆಂಡುಗಳನ್ನೆದುರಿಸಿ 36 ರನ್ನು ಮಾಡಿ ಔಟಾಗದೆ ಉಳಿದರು, ನಮ್ಮ ಜಿ. ಆರ್. ವಿಶ್ವನಾಥರ 37 ರನ್ನುಗಳೇ ತಂಡದ ಅತ್ಯಧಿಕ. ಅದೇ ವಾರ ‘ಚಿಕ್ಕ ತಂಡ’ ಶ್ರೀಲಂಕ ಆಸ್ಟ್ರೇಲಿಯದ 328ಕ್ಕೆ ಉತ್ತರವಾಗಿ 276 ರನ್ನು ಮಾಡಿತು. ಜೆಫ್ ಥಾಮ್ಸನ್ನನ ಚೆಂಡುಗಳ ಪೆಟ್ಟು ತಿಂದು ಅದರ ಇಬ್ಬರು ಆಟಗಾರರು ಆಸ್ಪತ್ರೆ ಸೇರಿದರೂ ಉಳಿದವರು ಹಿಂದೆಗೆಯಲಿಲ್ಲ. 1979ರಲ್ಲಿ ಅದೇ ಶ್ರೀಲಂಕ, ಇನ್ನೂ ಟೆಸ್ಟ್ ಮಾನ್ಯತೆ ಇಲ್ಲದಿದ್ದಾಗಲೇ, ಭಾರತವನ್ನು 47 ರನ್ನುಗಳಿಂದ ಸೋಲಿಸಿತು. ಆ ವರ್ಷ ಭಾರತ ಒಂದು ಪಂದ್ಯವನ್ನೂ ಗೆಲ್ಲಲಿಲ್ಲ.

ಈಗ ಲೆಕ್ಕ ನೋಡೋಣ. 1983ಕ್ಕೆ ಮುಂಚೆ ಎರಡು ವಿಶ್ವಕಪ್ಪುಗಳಲ್ಲಿ ಭಾರತ ಆಡಿದ ಪಂದ್ಯಗಳು ಆರು, ಗೆದ್ದುದು ಒಂದೇ ಒಂದು. ಅದೂ ಪೂರ್ವ ಆಫ್ರಿಕದ ಮೇಲೆ. ‘ದುರ್ಬಲ ತಂಡಗಳಿಂದ ಆಟದ ಮಟ್ಟ ಕೆಡುತ್ತದೆ, ಅವುಗಳನ್ನು ತೆಗೆದುಹಾಕಿ’ ಎಂಬ ನಿಯಮ ಅಂದು ಇದ್ದಿದ್ದರೆ ಮೊದಲು ಹೊರಗೆ ಹೋಗಬೇಕಾಗಿದ್ದುದು ನಾವೇ! ಹಾಗಾಗದೆ 1983ರಲ್ಲಿಯೂ ನಮಗೆ ಸ್ಥಳ ಸಿಕ್ಕಿತು. ಜಿಂಬಾಬ್ವೆಯ ಎದುರು 17 ರನ್ನುಗಳಿಗೆ 5 ವಿಕೆಟ್ ಕಳೆದುಕೊಂಡು ದಿಕ್ಕೆಟ್ಟಾಗ ಕಪಿಲ್ ದೇವ್ ಅಜೇಯ 175 ರನ್ನು ಹೊಡೆದರು. ನಮ್ಮ ಸಯ್ಯದ್ ಕಿರ್ಮಾನಿ ಕೊನೆಯವರೆಗೂ ಅವರ ಜೊತೆಗೆ ನಿಂತರು. ಬೆಂಗಳೂರಿನ ರೋಜರ್ ಬಿನ್ನಿ 18 ವಿಕೆಟ್ ಪಡೆದು ಪಂದ್ಯಾವಳಿಗೇ ಮೊದಲಿಗರಾದರು. ಜೂನ್ 25ರಂದು 183 ರನ್ನುಗಳ ಬಂಡವಾಳದಲ್ಲಿಯೇ ವೆಸ್ಟ್ ಇಂಡೀಸನ್ನು 43 ರನ್ನುಗಳಿಂದ ಸೋಲಿಸಿದುದನ್ನು ಯಾರು ಅರಿಯರು? ಅದೇ ಬಗೆಯಲ್ಲಿ, ಆಹ್ವಾನದ ಅತಿಥಿಯಾಗಿ ಬಂದಿದ್ದ ಶ್ರೀಲಂಕ 1996ರಲ್ಲಿ ಲಾಹೋರಿನಲ್ಲಿ ವಿಶ್ವವಿಜೇತವಾಯಿತು. ನೀರಿಗಿಳಿಯದೆ ಈಜು ಬಾರದೆಂಬ ಗಾದೆ ವ್ಯಕ್ತಿಗಳಿಗೆ ಹೇಗೋ ದೇಶಗಳಿಗೂ ಹಾಗೆಯೇ.

ಇಷ್ಟೆಲ್ಲ ನಡೆದ ಮೇಲೆ ಆದುದೇನು? 2007ರ ವಿಶ್ವಕಪ್ಪಿನಲ್ಲಿ 16 ತಂಡಗಳಿದ್ದವು. ಮಾರ್ಚ್ 17ರಂದು, ಒಂದೇ ದಿನ, ಬಾಂಗ್ಲಾದೇಶ ಭಾರತವನ್ನೂ ಐರ್ಲೆಂಡ್ ಪಾಕಿಸ್ತಾನವನ್ನೂ ಸೋಲಿಸಿದವು. ಎರಡು ದೊಡ್ಡ ತಂಡಗಳೂ ಮೊದಲ ಸುತ್ತಿನಲ್ಲೇ ಮನೆಗೆ ಹೊರಟವು. ದೂರದರ್ಶನದ ಹಕ್ಕುಗಳಿಗೆ ಹಣ ಸುರಿದವರಿಗೆ ನಷ್ಟವಾಯಿತು. 2011ರ ಮಾರ್ಚ್ 2ರಂದು ನಮ್ಮ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಇಂಗ್ಲೆಂಡಿನ 327 ರನ್ನುಗಳನ್ನು ಬೆನ್ನಟ್ಟಿದ ಐರ್ಲೆಂಡ್ 111ಕ್ಕೆ 5 ವಿಕೆಟ್ ಕಳೆದುಕೊಂಡಿತ್ತು. ಆಗ ಕೆವಿನ್ ಓಬ್ರಿಯನ್ 50 ಚೆಂಡುಗಳಲ್ಲಿ ನೂರು ಹೊಡೆದು ತನ್ನ ತಂಡದ ಗೆಲುವಿಗೆ ಕಾರಣನಾದ. ವಿಶ್ವಕಪ್ಪಿನಲ್ಲಿ ಅದುವರೆಗೆ ಅಷ್ಟು ಬೇಗ ಶತಕ ಬಾರಿಸಿದವರಿರಲಿಲ್ಲ. ಇದಾದ ಮರುತಿಂಗಳೇ ಅಂತಾರಾಷ್ಟ್ರೀಯ ಸಂಸ್ಥೆ ಹೊರಡಿಸಿದ ತೀರ್ಮಾನವೇನು? ಮುಂದಿನ ವಿಶ್ವಕಪ್ಪಿನಲ್ಲಿ ಪೂರ್ಣ ಸದಸ್ಯರಾದ ಹತ್ತು ದೇಶಗಳು ಮಾತ್ರ! ಎಲ್ಲೆಡೆಯಿಂದ ಪ್ರತಿಭಟನೆ ಬಂದಾಗ 2015ರ ಮಟ್ಟಿಗೆ 14 ತಂಡಗಳನ್ನು ಉಳಿಸಿದರು. ಆದರೆ 2019ರಲ್ಲೂ 2023ರಲ್ಲೂ ಹತ್ತೇ ತಂಡಗಳು. 2017ರಲ್ಲಿ ಟೆಸ್ಟ್ ಮಾನ್ಯತೆ ಗಳಿಸಿದ ಐರ್ಲೆಂಡಿಗೆ ಆ ಎರಡರಲ್ಲಿಯೂ ಸ್ಥಳ ಸಿಗಲಿಲ್ಲ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ ಎಂಬಂತಾಯಿತು.

ಪ್ರತಿವಾದಿಗಳ ಮಾತನ್ನೂ ಕೇಳಬೇಕಾದುದು ಧರ್ಮ. ಅವರು ಎರಡು ಆಕ್ಷೇಪಗಳನ್ನು ತರುತ್ತಾರೆ. ಪಂದ್ಯಗಳು ಏಕಪಕ್ಷೀಯವಾಗುತ್ತವೆ ಎಂಬುದು ಮೊದಲನೆಯದು. 1979ರಲ್ಲಿ ಕೆನಡ 45 ರನ್ನುಗಳಿಗೂ 2003ರಲ್ಲಿ 36 ರನ್ನುಗಳಿಗೂ ಉರುಳಿದುದು ಸತ್ಯ. ಆದರೆ ಆಯ್ದ ಹತ್ತೇ ತಂಡಗಳಿದ್ದ 2023ರಲ್ಲಿ ಮುಂಬಯಿಯಲ್ಲಿ ಭಾರತದೆದುರು 55 ರನ್ನುಗಳಿಗೆ ಕುಸಿದುದು ಯಾರು? ಮಾಜಿ ವಿಶ್ವವಿಜೇತ ಶ್ರೀಲಂಕ. ಅದೇ ಪಂದ್ಯಾವಳಿಯಲ್ಲಿ ಅಫ್ಘಾನಿಸ್ತಾನ ಇಂಗ್ಲೆಂಡನ್ನೂ ನೆದರ್ಲೆಂಡ್ಸ್ ದಕ್ಷಿಣ ಆಫ್ರಿಕವನ್ನೂ ಸೋಲಿಸಲಿಲ್ಲವೆ? ಪಂದ್ಯಾವಳಿ ಬಹಳ ದಿನ ಎಳೆಯುತ್ತದೆ ಎಂಬುದು ಎರಡನೆಯ ಆಕ್ಷೇಪ. 2007ರಲ್ಲಿ 16 ತಂಡಗಳು 51 ಪಂದ್ಯಗಳನ್ನು ಆಡಿದವು. 2019ರಲ್ಲಿ ಹತ್ತೇ ತಂಡಗಳು 48 ಪಂದ್ಯಗಳನ್ನು ಆಡಿದವು. ಎರಡೂ ನಡೆದುದು ಸುಮಾರು ಒಂದೂವರೆ ತಿಂಗಳು. ಆರು ತಂಡಗಳನ್ನು ಹೊರಗಿಟ್ಟು ಉಳಿಸಿದ ಪಂದ್ಯಗಳು ಮೂರು ಮಾತ್ರ! ಪ್ರತಿಯೊಂದು ದೊಡ್ಡ ತಂಡಕ್ಕೂ ಒಂಬತ್ತು ಪಂದ್ಯಗಳನ್ನು ಖಾತ್ರಿಪಡಿಸುವುದೇ ಈ ವ್ಯವಸ್ಥೆಯ ಫಲ. ಮಟ್ಟದ ಹೆಸರಿನಲ್ಲಿ ಕಾಪಾಡಿದುದು ಆಟವನ್ನಲ್ಲ, ಆದಾಯವನ್ನು.

ಈ ‘ಮಟ್ಟ’ ಎಂಬ ಶಬ್ದದ ಬಗ್ಗೆ ನನಗೆ ಇಷ್ಟು ಕಾಳಜಿ ಏಕೆಂದು ಮಿತ್ರರು ಕೇಳಬಹುದು. ನಮ್ಮ ಮನೆತನದಲ್ಲಿ ಪದವಿ ತರಗತಿಗೆ ಕಾಲಿಟ್ಟವನು ನಾನೇ ಮೊದಲಿಗ. ಈ ಕಾಲೇಜಿನಲ್ಲಿ ನನ್ನಂಥವರು ಬಹಳ ಮಂದಿ ಇದ್ದೇವೆ. ‘ಎಲ್ಲರನ್ನೂ ಸೇರಿಸಿಕೊಂಡುದರಿಂದ ಸರ್ಕಾರಿ ಕಾಲೇಜುಗಳ ಮಟ್ಟ ಇಳಿಯಿತು’ ಎಂಬ ಮಾತನ್ನು ನಾವು ಅನೇಕ ಸಲ ಕೇಳಿದ್ದೇವೆ. ಮೊದಲ ವರ್ಷ ಉಪನ್ಯಾಸಗಳು ಅರ್ಥವಾಗದೆ ಹಿಂದಿನ ಬೆಂಚಿನಲ್ಲಿ ಕುಳಿತವರು ಮೂರನೆಯ ವರ್ಷ ಚರ್ಚಾಸ್ಪರ್ಧೆಯಲ್ಲಿ ಎದ್ದು ಮಾತನಾಡಿದುದನ್ನೂ ಇಲ್ಲಿಯೇ ನೋಡಿದ್ದೇವೆ. ನಾವು ಬೇಡುವುದು ಪರೀಕ್ಷೆಯಲ್ಲಿ ರಿಯಾಯಿತಿಯನ್ನಲ್ಲ, ತರಗತಿಯಲ್ಲಿ ಕೂರಲು ಒಂದು ಸ್ಥಳವನ್ನು. ಐರ್ಲೆಂಡಿಗೂ ನೇಪಾಳಕ್ಕೂ ಯಾರೂ ಪುಕ್ಕಟೆಯಾಗಿ ರನ್ನು ಕೊಡಬೇಕಾಗಿಲ್ಲ. ಇಪ್ಪತ್ತೆರಡು ಗಜದ ಪಿಚ್ ಎಲ್ಲರಿಗೂ ಒಂದೇ. ಅದರ ಮೇಲೆ ನಿಲ್ಲಲು ಅವಕಾಶ ಕೊಟ್ಟರೆ ಸಾಕು.

ಸಂತೋಷದ ಲಕ್ಷಣಗಳೂ ಇಲ್ಲದಿಲ್ಲ. ಇಪ್ಪತ್ತು ಓವರುಗಳ ವಿಶ್ವಕಪ್ಪಿನಲ್ಲಿ 2024ರಲ್ಲಿ 20 ತಂಡಗಳು ಆಡಿದವು. ವೆಸ್ಟ್ ಇಂಡೀಸಿನ ಜೊತೆಗೆ ಅಮೆರಿಕವೂ ಅದನ್ನು ನಡೆಸಿ, ಡಲ್ಲಾಸಿನಲ್ಲಿ ಪಾಕಿಸ್ತಾನವನ್ನು ಸೂಪರ್ ಓವರಿನಲ್ಲಿ ಸೋಲಿಸಿತು. ಆ ಪಂದ್ಯದಲ್ಲಿ ಮೂರು ವಿಕೆಟ್ ಪಡೆದ ನಾಸ್ತುಷ್ ಕೆಂಜಿಗೆ ನಮ್ಮ ಚಿಕ್ಕಮಗಳೂರಿನಲ್ಲಿ ಬೆಳೆದವರು. ಅದೇ ಪಂದ್ಯಾವಳಿಯಲ್ಲಿ ಸ್ಕಾಟ್ಲೆಂಡ್ ಮತ್ತು ಐರ್ಲೆಂಡ್ ತಂಡಗಳಿಗೆ ಪ್ರಾಯೋಜಕರಾಗಿ ನಿಂತುದು ನಮ್ಮ ರೈತರ ‘ನಂದಿನಿ’. ದೊಡ್ಡವರು ಬಾಗಿಲು ಮುಚ್ಚಿದವರ ಬೆನ್ನಿಗೆ ಹಳ್ಳಿಯ ಹಾಲು ನಿಂತಿತೆಂದು ನಾವು ಹೆಮ್ಮೆಪಡಬಹುದು. 2027ರ ಏಕದಿನ ವಿಶ್ವಕಪ್ಪಿಗೆ ಮತ್ತೆ 14 ತಂಡಗಳೆಂದು ನಿರ್ಧಾರವಾಗಿದೆ. 1900ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ಎರಡೇ ತಂಡಗಳು ಒಂದೇ ಪಂದ್ಯವಾಡಿದ ಕ್ರಿಕೆಟ್, 2028ಕ್ಕೆ ಲಾಸ್ ಏಂಜಲಿಸ್‌ನಲ್ಲಿ ಮರಳಿ ಬರಲಿದೆ. ಪುರುಷರ ಆರು, ಮಹಿಳೆಯರ ಆರು ತಂಡಗಳಿಗೆ ಅಲ್ಲಿ ಅವಕಾಶವಿದೆ. ಇದು ಸಾಲದು, ಆದರೂ ದಾರಿ ಸರಿಯಾಗಿದೆ. ಒಮ್ಮೆ ತೆರೆದ ಬಾಗಿಲನ್ನು ಮತ್ತೆ ಮುಚ್ಚುವುದಿಲ್ಲವೆಂಬ ಭರವಸೆಯೂ, ಎರಡು ವಿಶ್ವಕಪ್ಪುಗಳ ನಡುವಣ ವರ್ಷಗಳಲ್ಲಿ ದೊಡ್ಡ ತಂಡಗಳು ಚಿಕ್ಕ ತಂಡಗಳ ನೆಲಕ್ಕೆ ಹೋಗಿ ಆಡುವ ಕಟ್ಟುಪಾಡೂ ಆಗಬೇಕು.

ಕೊನೆಯದಾಗಿ ನಮ್ಮ ಮನೆಯ ಮಾತು. ನಮ್ಮ ಕಾಲೇಜಿನ ಅಂತರ್ವರ್ಗ ಕ್ರಿಕೆಟ್ ಪಂದ್ಯಗಳು ಪ್ರತಿ ವರ್ಷವೂ ಒಂದು ಸೋಲಿಗೆ ಹೊರಬೀಳುವ ನಾಕೌಟ್ ಕ್ರಮದಲ್ಲಿಯೇ ನಡೆಯುತ್ತಿವೆ. ಪ್ರಥಮ ಬಿ.ಎ. ತರಗತಿಯವರು ಒಂದು ಬೆಳಗ್ಗೆ ಆಡಿ, ಸೋತು, ವರ್ಷವಿಡೀ ಪ್ರೇಕ್ಷಕರಾಗುತ್ತಾರೆ. ವಿದ್ಯಾರ್ಥಿನಿಯರಿಗಂತೂ ಪಂದ್ಯವೇ ಇಲ್ಲ. ಬರುವ ವರ್ಷದಿಂದ ಲೀಗ್ ಕ್ರಮವನ್ನು ತಂದು ಪ್ರತಿಯೊಂದು ತರಗತಿಗೂ ಮೂರು ಪಂದ್ಯಗಳನ್ನಾದರೂ ಕೊಡಬೇಕೆಂದೂ, ವಿದ್ಯಾರ್ಥಿನಿಯರ ತಂಡಗಳನ್ನೂ ಕಟ್ಟಬೇಕೆಂದೂ ಕ್ರೀಡಾ ಸಮಿತಿಯ ಗುರುಗಳಲ್ಲಿ ವಿನಯಪೂರ್ವಕವಾಗಿ ಬಿನ್ನವಿಸುತ್ತೇನೆ. ನಾನು ಆ ವೇಳೆಗೆ ಕಾಲೇಜು ಬಿಟ್ಟಿರುತ್ತೇನೆ. ಹಿಂದೆ ಬರುವ ತಮ್ಮ ತಂಗಿಯರಿಗೆ ಆ ಅವಕಾಶ ಸಿಗಲಿ. ಉಳಿದುದನ್ನು ವಾಚಕರೇ ವಿಚಾರ ಮಾಡಬೇಕು.