ದಣಿದವರಿಗೆ ದೇವರು ತಿಳಿಯುವುದು ಹೇಗೆ?



ಲೈನ್ ಮನೆಗಳಲ್ಲಿ ನಡೆಯುವ ಸಂಜೆಯ ಪ್ರಾರ್ಥನಾಕೂಟಗಳ ಬಗ್ಗೆ ಈಚೆಗೆ ಒಂದು ದೂರು ಕೇಳಿಬರುತ್ತಿದೆ. ಎಲೆ ಕೀಳುವ ಹೆಂಗಸರು ಬಂದು ಕೂರುತ್ತಾರೆ, ವಾಚನ ಮುಗಿಯುವುದರೊಳಗೆ ತೂಕಡಿಸುತ್ತಾರೆ ಎಂದು. ಇಂಥವರಿಗೆ ದೇವರು ತನ್ನನ್ನು ತೋರಿಸಿಕೊಳ್ಳುವುದಿಲ್ಲವೆಂದು ಹೊರಗಿನಿಂದ ಬಂದ ಬೋಧಕರೊಬ್ಬರು ಗದರಿಸಿಯೂ ಹೋದರು. ಆ ಮಾತು ಕೇಳಿ ಕೆಲವರು ಕೂಟಕ್ಕೆ ಬರುವುದನ್ನೇ ಬಿಟ್ಟಿದ್ದಾರೆ. ಆದುದರಿಂದ ಈ ವಿಷಯವನ್ನು ಬಿಡಿಸಿ ಹೇಳಬೇಕೆಂದಿದ್ದೇವೆ.

ದೇವರು ತನ್ನ ಹೆಸರನ್ನು ಮೋಶೆಗೆ ತಿಳಿಸಿದ ಸಂಗತಿ ವಿಮೋಚನಕಾಂಡದ 3ನೇ ಅಧ್ಯಾಯದಲ್ಲಿದೆ. ಮೋಶೆ ಆಗ ದೇವಾಲಯದಲ್ಲಿರಲಿಲ್ಲ; ಮಾವನ ಕುರಿ ಮೇಯಿಸುತ್ತಿದ್ದನು. ಉರಿಯುವ ಪೊದೆಯನ್ನು ಎಲ್ಲರೂ ನೆನಪಿಟ್ಟುಕೊಂಡಿದ್ದಾರೆ, ಅಲ್ಲಿ ಕೇಳಿಸಿದ ಮಾತಿನ ಕ್ರಮವನ್ನು ಗಮನಿಸಿದವರು ಕಡಿಮೆ. ತಾನು ಪೂರ್ವಜರ ದೇವರೆಂದು ಹೇಳಿದ ಮೇಲೆ ಆತನು ಹೇಳುವುದು ಐಗುಪ್ತದಲ್ಲಿ ಬಿಟ್ಟಿ ಕೆಲಸ ಮಾಡುತ್ತಿದ್ದವರ ವಿಷಯ: ಅವರ ಕಷ್ಟವನ್ನು ಕಂಡಿದ್ದಾನೆ, ಕೆಲಸ ಮಾಡಿಸುವವರ ದೆಸೆಯಿಂದ ಅವರಿಟ್ಟ ಮೊರೆಯನ್ನು ಕೇಳಿದ್ದಾನೆ. ಹೆಸರು ಬರುವುದು ಆಮೇಲೆ, ಅದೂ ಮೋಶೆ ಕೇಳಿದ ಬಳಿಕ. ಆ ಜನ ದೇವರ ಹೆಸರನ್ನು ಅರಿಯುವ ಮುಂಚೆಯೇ ದೇವರು ಅವರ ಬೆನ್ನಿನ ಹೊರೆಯನ್ನು ಅರಿತಿದ್ದನು.

5ನೇ ಅಧ್ಯಾಯದಲ್ಲಿ ಫರೋಹನು ಹುಲ್ಲು ಕೊಡುವುದನ್ನು ನಿಲ್ಲಿಸುತ್ತಾನೆ, ಇಟ್ಟಿಗೆಯ ಲೆಕ್ಕವನ್ನು ಮಾತ್ರ ಇಳಿಸುವುದಿಲ್ಲ. ಇದನ್ನು ನಮ್ಮವರಿಗೆ ವಿವರಿಸಬೇಕಾಗಿಲ್ಲ. ಬೇಸಗೆಯಲ್ಲಿ ಚಿಗುರು ಇಲ್ಲದಿರುವಾಗಲೂ ಕಿಲೋ ಲೆಕ್ಕ ಹಾಗೆಯೇ ಇದ್ದರೆ ಏನಾಗುತ್ತದೆಂದು ಎಲೆ ತೂಗುವ ಜಾಗದಲ್ಲಿ ನಿಂತವರಿಗೆಲ್ಲ ಗೊತ್ತು.

ನಮಗೆ ಮುಖ್ಯವಾದ ವಚನ 6ನೇ ಅಧ್ಯಾಯದ 9ನೆಯದು. ಮೋಶೆ ದೇವರ ಹೆಸರನ್ನೂ ವಾಗ್ದಾನವನ್ನೂ ತಂದು ಹೇಳಿದಾಗ ಜನರು ಕಿವಿಗೊಡಲಿಲ್ಲ. ಕಾರಣವನ್ನೂ ಅಲ್ಲೇ ಬರೆದಿದೆ: ಕಠಿಣ ದುಡಿಮೆಯಿಂದ ಅವರ ಮನಸ್ಸು ಕುಗ್ಗಿಹೋಗಿತ್ತು. ಇಷ್ಟು ದೊಡ್ಡ ಸುದ್ದಿಯನ್ನು ಕೇಳದೆ ಹೋದವರನ್ನು ದೇವರು ಗದರಿಸಿದನೇ? ಇಲ್ಲ. ಇನ್ನೂ ಗಟ್ಟಿಯಾಗಿ ಬೋಧಿಸು ಎಂದು ಮೋಶೆಗೆ ಹೇಳಿದನೇ? ಅದೂ ಇಲ್ಲ. ಜನರನ್ನು ಬಿಟ್ಟುಬಿಡಬೇಕೆಂದು ಹೇಳಲು ಅವನನ್ನು ಫರೋಹನ ಬಳಿಗೆ ಕಳುಹಿಸಿದನು. ನಮ್ಮ ಬೋಧಕರು ಈ ವಚನವನ್ನು ಓದಿರಲಾರರೆಂದು ನಾವು ಹೇಳುವುದಿಲ್ಲ. ಓದಿ ಬಹಳ ದಿನವಾಗಿರಬಹುದು.

ದೇವರು ತನ್ನನ್ನು ಪ್ರಕಟಿಸುವುದು ಮಾತಿನಿಂದ ಮಾತ್ರವಲ್ಲ, ಕಾರ್ಯಗಳೂ ಮಾತೂ ಒಂದಕ್ಕೊಂದು ಹೆಣೆದುಕೊಂಡಿವೆಯೆಂದು ಎರಡನೇ ವ್ಯಾಟಿಕನ್ ಮಹಾಸಭೆ 1965ರಲ್ಲಿ ಹೇಳಿತು. ಬಿಡುಗಡೆಯಾದ ಮೇಲೆ ಬಂದ ಆಜ್ಞೆಗಳಲ್ಲಿ ವಿಶ್ರಾಂತಿಯ ದಿನವೂ ಒಂದು. ಧರ್ಮೋಪದೇಶಕಾಂಡದ 5ನೇ ಅಧ್ಯಾಯ ಆ ದಿನವನ್ನು ದಾಸದಾಸಿಯರಿಗೂ ಎತ್ತು ಕತ್ತೆಗಳಿಗೂ ಕೊಡುತ್ತದೆ. ನೀವೂ ಐಗುಪ್ತದಲ್ಲಿ ದಾಸರಾಗಿದ್ದಿರೆಂಬುದನ್ನು ಮರೆಯಬೇಡಿ ಎನ್ನುತ್ತದೆ. ಆದ್ದರಿಂದ ವಾರದ ರಜೆ ಕೇಳುವುದು ಯೂನಿಯನ್ನಿನ ಕೆಲಸ, ಪ್ರಾರ್ಥನೆ ಚರ್ಚಿನ ಕೆಲಸ ಎಂದು ಹಂಚಿ ಕೂರುವುದನ್ನು ನಾವು ಒಪ್ಪುವುದಿಲ್ಲ. ಸಾಲದ ಕಾಟಕ್ಕೆ ಭಾನುವಾರವೂ ಎಲೆ ಕೀಳಲು ಹೋಗುವವರನ್ನು ದೂರುವುದಿಲ್ಲ. ಇಷ್ಟವಿಲ್ಲದವರನ್ನು ಹೆದರಿಸಿ ಕರೆಯಬಾರದೆಂಬುದನ್ನು ಮುಂದಿನ ಮಾತುಕತೆಯಲ್ಲಿ ಎತ್ತಲೇಬೇಕು.

ಇನ್ನು ಗಂಡಸರಿಗೆ ಒಂದು ಮಾತು. ನಿಮ್ಮ ಮನೆಯಾಕೆ ತೋಟದಿಂದ ಬಂದು ನೀರು ಹೊತ್ತು, ಸೌದೆ ತಂದು, ಅಡುಗೆ ಮಾಡಿಟ್ಟು ಕೂಟಕ್ಕೆ ಬರುತ್ತಾಳೆ. ನೀವು ಮುಖ ತೊಳೆದು ಬರುತ್ತೀರಿ. ನಿಮಗೆ ನಿದ್ದೆ ಬಾರದಿರುವುದು ಭಕ್ತಿಯಿಂದಲೇ ಎಂದು ಹೇಗೆ ನಂಬುವುದು? ಕೂಟದ ದಿನವಾದರೂ ನೀರು ಸೌದೆಯ ಕೆಲಸ ನಿಮ್ಮದಾಗಲಿ.

ಎಮ್ಮಾವಿಗೆ ಹೊರಟಿದ್ದ ಇಬ್ಬರು ದಾರಿಯುದ್ದಕ್ಕೂ ಯೇಸುಸ್ವಾಮಿಯ ವಿವರಣೆ ಕೇಳಿದರೂ ಆತನ ಗುರುತು ಹಿಡಿಯಲಿಲ್ಲ. ಹೊತ್ತು ಮುಳುಗಿತೆಂದು ಒಳಗೆ ಕರೆದು, ಕುಳಿತು, ಆತನು ರೊಟ್ಟಿ ಮುರಿದು ಕೊಟ್ಟಾಗ ಅವರ ಕಣ್ಣು ತೆರೆಯಿತು. ನಮ್ಮ ಕೂಟಗಳಲ್ಲಿ ವಾಚನ ಚಿಕ್ಕದಾಗಲಿ, ಮೊದಲು ಎಲ್ಲರಿಗೂ ಒಂದು ಲೋಟ ಕಾಫಿ ಸಿಗಲಿ. ತೂಕಡಿಸುವವರನ್ನು ಯಾರೂ ತಟ್ಟಿ ಎಬ್ಬಿಸಬೇಕಾಗಿಲ್ಲ.

ಕೂಟ ಬಿಟ್ಟವರ ಮನೆಗಳಿಗೆ ಬರುವ ಭಾನುವಾರ ಪೂಜೆ ಮುಗಿದ ಮೇಲೆ ಹೋಗಿಬರುತ್ತೇವೆ. ಜೊತೆಗೆ ಬರುವವರು ಗುಡಿಯ ಬಾಗಿಲಲ್ಲಿ ಕಾದಿರಬೇಕು.