ಮರಗಸಿಗೆ ಮುಂಚೆ ಹಾಲುವಾಣದ ಬಗ್ಗೆ ಒಂದು ಮಾತು

ಈ ಸಲ ಜನವರಿಯಲ್ಲೇ ಮಳೆ ಬಂತು. ರೊಬಸ್ಟಾ ಗಿಡದಲ್ಲಿ ಒಂದು ಕಡೆ ಹಣ್ಣು, ಇನ್ನೊಂದು ಕಡೆ ಹೂ. ಕುಯ್ಯೋಕೆ ಹೋದ್ರೆ ಹೂ ಉದುರುತ್ತೆ, ಬಿಟ್ರೆ ಹಣ್ಣು ಉದುರುತ್ತೆ. ಕಣದಲ್ಲಿ ಹರವಿದ ಕಾಫಿ ನೆನೆದಿದ್ದು ಬೇರೆ. ಇದು ಎಲ್ಲರ ತೋಟದ ಕಥೆ, ಬಿಡಿಸಿ ಹೇಳೋದೇನಿಲ್ಲ.

ನಾನು ಹೇಳಬೇಕಂತಿರೋದು ಹಾಲುವಾಣದ ವಿಷಯ. ಈಗ ಎಲೆ ಉದುರಿಸಿ ಕೆಂಪಗೆ ನಿಂತಿದೆ. ಬೆಳಿಗ್ಗೆ ಏಳು ಗಂಟೆಗೆಲ್ಲ ಗೊರವಂಕ, ಪಿಕಳಾರ, ಸೂರಕ್ಕಿ, ಜೊತೆಗೆ ಹಿಮಾಲಯದ ಕಡೆಯಿಂದ ಚಳಿಗಾಲಕ್ಕೆ ಬರೋ ಬೂದು ಕಾಜಾಣ. ಪಕ್ಕದ ಸಿಲ್ವರ್ ಸಾಲಲ್ಲಿ ಈ ಹೊತ್ತಿಗೆ ಒಂದು ಹಕ್ಕಿಯೂ ಇಲ್ಲ.

ಇದು ಬರೀ ಚಂದದ ಮಾತಲ್ಲ. ಕಾಫಿ ಹೂ ಅರಳಿದ್ರೆ ಎರಡು ಮೂರು ದಿನದ ಆಟ. ಅರೇಬಿಕಾ ತನ್ನ ಪರಾಗದಲ್ಲೇ ಕಾಯಿ ಕಟ್ಟುತ್ತೆ. ರೊಬಸ್ಟಾಕ್ಕೆ ಬೇರೆ ಗಿಡದ ಪರಾಗವೇ ಬೇಕು, ಅದಕ್ಕೆ ಗಾಳಿ, ಜೇನು ಎರಡೂ ಬೇಕು. ಹೂಮಳೆ ಯಾವಾಗ ಬರುತ್ತೆ ಅಂತ ಈಗ ಯಾರಿಗೂ ಗೊತ್ತಿಲ್ಲ. ಹಾಗಾಗಿ ಜೇನು ಅಷ್ಟು ದಿನವೂ ತೋಟದ ಸುತ್ತಲೇ ಇರಬೇಕು. ಇರಬೇಕಂದ್ರೆ ಹೊಟ್ಟೆಗೆ ಬೇಕಲ್ಲ? ಹಾಲುವಾಣ, ಬೂರುಗ, ಮುತ್ತುಗ ಒಂದರ ಹಿಂದೆ ಒಂದು ವಾರಗಟ್ಟಲೆ ಹೂ ಬಿಡ್ತವೆ. ಸಿಲ್ವರ್‌ನಲ್ಲಿ ಹೂವಿಲ್ಲ ಅಂತಲ್ಲ. ಆದ್ರೆ ತೋಟದಲ್ಲಿ ಒಂದೇ ಜಾತಿ ಮರ ಅಂದ್ರೆ ಒಂದೇ ಕಾಲದ ಹೂ. ಕಾಲವೇ ಕೈಕೊಡ್ತಿರುವಾಗ ಅದನ್ನ ನಂಬಿ ಕೂರೋದು ಹೇಗೆ?

ಹಕ್ಕಿಯಿಂದಲೂ ಲಾಭ ಇದೆ. ಜಮೈಕಾದ ಕಾಫಿ ತೋಟಗಳಲ್ಲಿ ಕೆಲವು ಗಿಡಗಳಿಗೆ ಬಲೆ ಕಟ್ಟಿ ಹಕ್ಕಿ ಬರದ ಹಾಗೆ ಮಾಡಿ ನೋಡಿದ್ರು. ಬಲೆಯೊಳಗಿನ ಗಿಡಗಳಲ್ಲಿ ಕಾಯಿಕೊರಕ ಜಾಸ್ತಿಯಾಗಿತ್ತು.

ಸಿಲ್ವರ್ ಬೇಡ ಅಂತ ನಾನು ಹೇಳ್ತಿಲ್ಲ. ನೆಟ್ಟಗೆ ಬೆಳೆಯುತ್ತೆ, ಮೆಣಸು ಹಬ್ಬಿಸಬಹುದು, ಕಷ್ಟಕಾಲಕ್ಕೆ ಮಾರಬಹುದು. ಹಾಲುವಾಣ ಮರಮಟ್ಟಿಗೆ ಆಗಲ್ಲ ಅನ್ನೋದೂ ನಿಜ. 2005ರ ಆಸುಪಾಸಿನಲ್ಲಿ ಎಲೆಯಲ್ಲಿ ಗಂಟು ಮಾಡೋ ಕಣಜ ಬಂದಮೇಲೆ ಎಷ್ಟೋ ಜನ ಅದರ ಆಸೆಯನ್ನೇ ಬಿಟ್ರು. ಆದ್ರೂ ಅದರ ಬೇರು ಸಾರಜನಕ ಹಿಡಿದಿಡುತ್ತೆ, ಉದುರಿದ ಎಲೆ ಬೇಗ ಗೊಬ್ಬರವಾಗುತ್ತೆ. ಈ ಲೆಕ್ಕವನ್ನ ನಾವು ಟಿಂಬರ್ ಲೆಕ್ಕದ ಪಕ್ಕದಲ್ಲಿ ಬರೆಯೋದೇ ಇಲ್ಲ.

ನಾನು ಕೇಳೋದು ಇಷ್ಟೇ. ಮರಗಸಿ ಮಾಡಿಸುವಾಗ ಎಲ್ಲ ಹಾಲುವಾಣವನ್ನೂ ಒಟ್ಟಿಗೆ ಬೋಳಿಸಬೇಡಿ. ವರ್ಷವರ್ಷ ಬೋಳಿಸಿದ ಮರ ಹೂ ಬಿಡೋದು ಕಡಿಮೆ. ಎಕರೆಗೆ ನಾಲ್ಕೈದನ್ನಾದ್ರೂ ಮುಟ್ಟದೆ ಬಿಡಿ. ಬೇಲಿ ಸಾಲಿನ ಬೂರುಗ, ಮುತ್ತುಗಕ್ಕೆ ಗರಗಸ ಹಾಕೋ ಮುಂಚೆ ಒಂದು ಬೆಳಿಗ್ಗೆ ಅದರ ಬುಡದಲ್ಲಿ ಹತ್ತು ನಿಮಿಷ ನಿಂತು ಮೇಲೆ ನೋಡಿ, ಆಮೇಲೆ ತೀರ್ಮಾನ ಮಾಡಿ.

ಹಾಲುವಾಣಕ್ಕೆ ನರ್ಸರಿಗೆ ಹೋಗಬೇಕಿಲ್ಲ, ಮಳೆ ಹಿಡಿದ ಮೇಲೆ ಕೊಂಬೆ ನೆಟ್ರೆ ಚಿಗುರುತ್ತೆ. ಬೇಕಾದವರು ಈಗಲೇ ಹೇಳಿಟ್ಟಿರಿ, ಜೂನ್‌ನಲ್ಲಿ ಬಂದು ಕಡ್ಕೊಂಡು ಹೋಗಿ.