ಸುಗ್ಗಿಯಲ್ಲಿ ಕಣ್ಣು ಕಳೆದುಕೊಳ್ಳುವವರು



ಅಂಧತ್ವವೆಂದರೆ ಪೊರೆ, ಅದು ವಯಸ್ಸಾದವರ ಸಮಸ್ಯೆ ಎಂದೇ ಬಹುತೇಕರ ಭಾವನೆ. ಆದರೆ ಭತ್ತದ ಕೊಯ್ಲಿನಲ್ಲಿ ಗರಿಯ ತುದಿ ಕಣ್ಣಿಗೆ ತಾಗಿ ದುಡಿಯುವ ವಯಸ್ಸಿನವರೂ ದೃಷ್ಟಿ ಕಳೆದುಕೊಳ್ಳುತ್ತಾರೆ. ಗೀರಿದ ಕಣ್ಣಿಗೆ ಸೊಪ್ಪಿನ ರಸ ಹಿಂಡುತ್ತಾರೆ, ಇಲ್ಲವೇ ಚೀಟಿಯಿಲ್ಲದೆ ಸ್ಟೀರಾಯ್ಡ್ ಡ್ರಾಪ್ಸ್ ತಂದು ಬಿಡುತ್ತಾರೆ. ಹುಣ್ಣಾಗಿ ಕಪ್ಪುಗುಡ್ಡೆ ಬೆಳ್ಳಗಾದ ಮೇಲೆಯೇ ಆಸ್ಪತ್ರೆಯ ನೆನಪು. ಆಗ ಕಾಲ ಮಿಂಚಿರುತ್ತದೆ.

ನೇಪಾಳದ ಭಕ್ತಪುರದಲ್ಲಿ ಗ್ರಾಮ ಸ್ವಯಂಸೇವಕರು ಇಂಥ ಗೀರುಗಳಿಗೆ ಕ್ಲೋರಾಂಫೆನಿಕಾಲ್ ಮುಲಾಮನ್ನು ದಿನಕ್ಕೆ ಮೂರು ಸಲ, ಮೂರು ದಿನ ಹಾಕಿದರು. 2001ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, 18 ಗಂಟೆಯೊಳಗೆ ಚಿಕಿತ್ಸೆ ಪಡೆದ ಒಬ್ಬರಿಗೂ ಹುಣ್ಣಾಗಲಿಲ್ಲ. ಇಷ್ಟು ಅಗ್ಗದ ಔಷಧಿ ನಮ್ಮ ಹಳ್ಳಿಗಳಲ್ಲೂ ಕೈಗೆಟುಕಬೇಕು. ಸುಗ್ಗಿಗೆ ಮೊದಲೇ ಆಶಾ ಕಾರ್ಯಕರ್ತೆಯರಿಗೆ ಮುಲಾಮು ಮತ್ತು ತರಬೇತಿ ಎರಡನ್ನೂ ಒದಗಿಸಲು ಆರೋಗ್ಯ ಇಲಾಖೆ ಮುಂದಾಗಲಿ.

– ಓದುಗ, ಗಂಗಾವತಿ